ಕಡಿಮೆ ಕಂತಿನ ದುಬಾರಿ ಬಿಲ್: ಅಮೆರಿಕದ ಆರೈಕೆ ವಿಮೆ ಹಳಿ ತಪ್ಪಿದ್ದು ಹೇಗೆ

ಪ್ರೀಮಿಯಂ ಕಡಿಮೆ ಇದ್ದಷ್ಟೂ ಗ್ರಾಹಕರಿಗೆ ಒಳ್ಳೆಯದು ಅಲ್ವಾ? ಅಮೆರಿಕದ ರಾಜ್ಯ ಸರ್ಕಾರಗಳೂ ಬಹಳ ವರ್ಷ ಹಾಗೇ ಅಂದುಕೊಂಡಿದ್ದವು. ದೀರ್ಘಕಾಲದ ಆರೈಕೆ ವಿಮೆಯಲ್ಲಿ ಆ ಲೆಕ್ಕ ತಲೆಕೆಳಗಾಯಿತು. ಹೊರೆ ಬಿದ್ದದ್ದು ಎಪ್ಪತ್ತು, ಎಂಬತ್ತು ದಾಟಿದವರ ಮೇಲೆ.

ಸ್ನಾನ ಮಾಡಿಸಲು, ಬಟ್ಟೆ ಹಾಕಲು, ಊಟ ಮಾಡಿಸಲು ಇನ್ನೊಬ್ಬರ ಕೈ ಬೇಕಾದಾಗ ಬರುವ ಖರ್ಚಿಗೆ ಈ ವಿಮೆ. 1965ರಲ್ಲಿ ಬಂದ ಮೆಡಿಕೇರ್ ವಯಸ್ಸಾದವರ ಆಸ್ಪತ್ರೆ ಖರ್ಚು ನೋಡಿಕೊಳ್ಳುತ್ತದೆ. ಆದರೆ ಆರೈಕೆ ಕೇಂದ್ರಕ್ಕೆ ಹೆಚ್ಚೆಂದರೆ 100 ದಿನ, ಅದೂ ಆಸ್ಪತ್ರೆಯಲ್ಲಿದ್ದು ಬಂದು, ನರ್ಸುಗಳ ಶುಶ್ರೂಷೆ ಬೇಕಿದ್ದರೆ ಮಾತ್ರ. ಬಡವರಿಗಿರುವ ಮೆಡಿಕೇಡ್ ಸಿಗಬೇಕಾದರೆ ಕೂಡಿಟ್ಟದ್ದೆಲ್ಲ ಹೆಚ್ಚುಕಡಿಮೆ ಕರಗಿರಬೇಕು. ಈ ಎರಡರ ನಡುವೆ ಸಿಕ್ಕಿಕೊಂಡ ಮಧ್ಯಮ ವರ್ಗಕ್ಕೆ ಖಾಸಗಿ ಕಂಪನಿಗಳು ಪಾಲಿಸಿ ಮಾರತೊಡಗಿದವು.

ಅಲ್ಲಿ ವಿಮೆಯ ಮೇಲೆ ಕಣ್ಣಿಡುವುದು ರಾಜ್ಯಗಳು. 1945ರ ಮ್ಯಾಕರನ್-ಫರ್ಗೂಸನ್ ಕಾಯ್ದೆ ಆ ಅಧಿಕಾರವನ್ನು ಅವುಗಳಿಗೇ ಬಿಟ್ಟಿತು. ಶುರುವಿನ ಪಾಲಿಸಿಗಳು ನಿಜಕ್ಕೂ ಕೆಟ್ಟದಾಗಿದ್ದವು. ಮೊದಲು ಆಸ್ಪತ್ರೆಗೆ ಸೇರಿರಲೇಬೇಕು ಅಂತ ಷರತ್ತು ಹಾಕಿ, ಮನೆಯಲ್ಲೇ ನಿಧಾನವಾಗಿ ಮರೆವಿಗೆ ಜಾರಿದವರಿಗೆ ಬಿಡಿಗಾಸೂ ಕೊಡುತ್ತಿರಲಿಲ್ಲ. ರಾಜ್ಯಗಳ ವಿಮಾ ಕಮಿಷನರುಗಳ ಸಂಘ 1980ರ ದಶಕದ ಕೊನೆಯಲ್ಲಿ ಮಾದರಿ ಕಾಯ್ದೆ ಬರೆದು ಇಂಥದ್ದನ್ನೆಲ್ಲ ತಡೆಯಿತು. ಒಳ್ಳೆಯ ಕೆಲಸ, ಅನುಮಾನವೇ ಇಲ್ಲ.

ಎಡವಿದ್ದು ದರದಲ್ಲಿ. ಕಟ್ಟಿಸಿಕೊಂಡ ಪ್ರತಿ 100 ಡಾಲರಿನಲ್ಲಿ ಕನಿಷ್ಠ 60 ಡಾಲರ್ ಕ್ಲೇಮ್ ರೂಪದಲ್ಲಿ ವಾಪಸ್ ಹೋಗಬೇಕು ಎಂಬುದು ಆಗಿನ ನಿಯಮ. ಕಂಪನಿ ಜಾಸ್ತಿ ಕೀಳದಂತೆ ಇದು ಕಾಯುತ್ತದೆ, ಸರಿ. ಆದರೆ ಮಾರಾಟದ ಆಸೆಗೆ ತೀರಾ ಕಡಿಮೆ ದರ ಇಟ್ಟರೆ? ಅದಕ್ಕೆ ತಡೆಯೇ ಇರಲಿಲ್ಲ. ವರ್ಷಕ್ಕೆ ಶೇ 5ರಷ್ಟು ಜನ ಪಾಲಿಸಿ ಕೈಬಿಡುತ್ತಾರೆ, ಅವರು ಕಟ್ಟಿದ ಹಣ ಉಳಿದವರ ಕ್ಲೇಮಿಗೆ ಆಗುತ್ತದೆ ಎಂಬ ಲೆಕ್ಕ ಹಾಕಿಕೊಂಡೇ ದರ ಇಟ್ಟಿದ್ದರು. ಬಿಟ್ಟವರು ಶೇ 1ರ ಆಸುಪಾಸು. ಜನ ಮಕ್ಕಳಿಗೆ ಭಾರವಾಗಬಾರದು ಅಂತ ಪಾಲಿಸಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಬಡ್ಡಿ ದರವೂ ಇಳಿದು ಕಂಪನಿ ಕೂಡಿಟ್ಟ ಕಂತಿನ ಹಣ ಅಂದುಕೊಂಡಷ್ಟು ಬೆಳೆಯಲಿಲ್ಲ, ಮರೆವಿನ ಕಾಯಿಲೆಯವರು ವರ್ಷಗಟ್ಟಲೆ ಆರೈಕೆಯಲ್ಲಿ ಉಳಿದರು.

ಕಮಿಷನರುಗಳು 2000ದಲ್ಲಿ ನಿಯಮ ತಿದ್ದಿದರು. ಪರಿಸ್ಥಿತಿ ಸ್ವಲ್ಪ ಹದಗೆಟ್ಟರೂ ಈ ದರ ಸಾಕಾಗುತ್ತದೆ ಎಂದು ಕಂಪನಿಯ ಲೆಕ್ಕತಜ್ಞರು ಮೊದಲೇ ಬರೆದುಕೊಡಬೇಕು. ಮುಂದೆ ಏರಿಸಿದರೆ, ಆ ಏರಿಸಿದ ಹಣದಲ್ಲಿ ಶೇ 85 ಕ್ಲೇಮಿಗೇ ಹೋಗಬೇಕು. ಆದರೆ ಅಷ್ಟರಲ್ಲಿ ಮಾರಿಬಿಟ್ಟಿದ್ದ ಪಾಲಿಸಿಗಳು ಹಳೇ ದರದ ಲೆಕ್ಕದಲ್ಲೇ ಉಳಿದವು.

ಅವುಗಳ ದರ ಏರಿಸಲು ಕಂಪನಿಗಳು ಬಂದಾಗ ಒಂದು ರಾಜ್ಯ ಒಪ್ಪಿತು, ಇನ್ನೊಂದು ಅರ್ಧಕ್ಕೆ ಇಳಿಸಿತು, ಮತ್ತೊಂದು ಸುಮ್ನೆ ಕಡತ ಇಟ್ಟುಕೊಂಡಿತು. ಒಂದೇ ಪಾಲಿಸಿ, ಒಂದೇ ವಯಸ್ಸು, ಆದರೂ ರಾಜ್ಯದ ಗಡಿ ದಾಟಿದರೆ ಬೇರೆ ದರ. ಬೇಡ ಅಂದ ಕಮಿಷನರ್ ಕರುಣೆಯಿಂದಲೇ ಅಂದಿರಬಹುದು. ನನಗೆ ಮಾತ್ರ ಅದು ಕರುಣೆ ಅನ್ನಿಸುವುದಿಲ್ಲ. 65ನೇ ವಯಸ್ಸಿನಲ್ಲಿ ಸಣ್ಣ ಏರಿಕೆ ಬಂದರೆ ಹೇಗೋ ಹೊಂದಿಸಿಕೊಳ್ಳಬಹುದು, ಎಲ್ಲವೂ ಒಟ್ಟಾಗಿ 80ನೇ ವಯಸ್ಸಿನಲ್ಲಿ ಬಂದರೆ ಪಿಂಚಣಿಯಲ್ಲಿ ಬದುಕುವವರು ಏನು ಮಾಡಬೇಕು?

ಆರೈಕೆ ವಿಮೆ ಮಾರುತ್ತಿದ್ದ ಪೆನ್ ಟ್ರೀಟಿ ಕಂಪನಿಯ ಕಥೆ ನೋಡಿ. 2009ರ ಜನವರಿಯಲ್ಲಿ ಪೆನ್ಸಿಲ್ವೇನಿಯಾದ ವಿಮಾ ಇಲಾಖೆ ಅದನ್ನು ತನ್ನ ಕೈಗೆ ತೆಗೆದುಕೊಂಡು, ಮುಚ್ಚಲು ಕೋರ್ಟಿನ ಅನುಮತಿ ಕೇಳಿತು. 2012ರಲ್ಲಿ ಕೋರ್ಟ್ ಒಪ್ಪಲಿಲ್ಲ. ಕೊನೆಗೆ ಮುಚ್ಚಿದ್ದು 2017ರ ಮಾರ್ಚಿನಲ್ಲಿ. ಸುಮಾರು 76,000 ಪಾಲಿಸಿದಾರರ ಕ್ಲೇಮುಗಳು, ವಿಮಾ ಕಂಪನಿ ಮುಳುಗಿದಾಗ ಹಣ ಕೊಡಲೆಂದೇ ಇರುವ ರಾಜ್ಯಗಳ ಖಾತರಿ ಸಂಘಗಳ ಹೆಗಲಿಗೆ ಬಿದ್ದವು. ಅವು ಕೊಡುವುದಕ್ಕೂ ಮಿತಿ ಇದೆ, ಹಲವು ರಾಜ್ಯಗಳಲ್ಲಿ ಒಬ್ಬರಿಗೆ 3 ಲಕ್ಷ ಡಾಲರ್. ಮರುವರ್ಷ ಜನರಲ್ ಎಲೆಕ್ಟ್ರಿಕ್ ತನ್ನ ಹಳೆಯ ಆರೈಕೆ ವಿಮೆಗಳಿಗಾಗಿ 1,500 ಕೋಟಿ ಡಾಲರ್ ತೆಗೆದಿಡಬೇಕು ಎಂದು ಹೇಳಿದಾಗ ಷೇರುಪೇಟೆಯೂ ಬೆಚ್ಚಿತು.

ಈಗ ಹೊಸ ಪಾಲಿಸಿ ಮಾರುವ ಕಂಪನಿಗಳು ಬೆರಳೆಣಿಕೆಯಷ್ಟು. ವಾಷಿಂಗ್ಟನ್ ರಾಜ್ಯ ಬೇರೆ ದಾರಿ ಹಿಡಿದು, ತಾನೇ ಆರೈಕೆ ವಿಮೆ ನಡೆಸಲು 2023ರ ಜುಲೈನಿಂದ ನೌಕರರ ಸಂಬಳದಲ್ಲಿ ಶೇ 0.58 ಹಿಡಿಯುತ್ತಿದೆ. ಅದರಿಂದ ಸಿಗುವುದು ಜೀವಮಾನಕ್ಕೆ 36,500 ಡಾಲರ್, ಅದು ಬೆಲೆಯೇರಿಕೆಗೆ ತಕ್ಕಂತೆ ಬೆಳೆಯಬಹುದು. ವರ್ಷಗಟ್ಟಲೆ ಆರೈಕೆಗೆ ಇದು ಸಾಲದು.

1965ರ ವಲಸೆ ಕಾಯ್ದೆಯ ನಂತರ ಅಲ್ಲಿಗೆ ಹೋದ ಕನ್ನಡಿಗ ಡಾಕ್ಟರು, ಎಂಜಿನಿಯರುಗಳಿಗೂ ಈಗ ಇದೇ ವಯಸ್ಸು. ದರ ಏರಿಕೆಯ ಪತ್ರ ಬಂದರೆ ಸಿಟ್ಟಿನಲ್ಲಿ ಪಾಲಿಸಿ ಬಿಟ್ಟುಬಿಡಬೇಡಿ. ದಿನಕ್ಕೆ ಸಿಗುವ ಮೊತ್ತವನ್ನೋ ಅದು ಸಿಗುವ ವರ್ಷಗಳನ್ನೋ ಇಳಿಸಿಕೊಂಡು ಹಳೇ ಕಂತೇ ಉಳಿಸಿಕೊಳ್ಳುವ ಆಯ್ಕೆ ಸಾಮಾನ್ಯವಾಗಿ ಇರುತ್ತದೆ. 2000ದ ಮಾದರಿ ನಿಯಮದಡಿ 65ನೇ ವಯಸ್ಸಿನಲ್ಲಿ ಪಾಲಿಸಿ ಕೊಂಡವರಿಗೆ ಒಟ್ಟು ಏರಿಕೆ ಶೇ 50 ಮುಟ್ಟಿದರೆ, ಕಂತು ನಿಲ್ಲಿಸಿದರೂ ಅದುವರೆಗೆ ಕಟ್ಟಿದಷ್ಟು ಮೊತ್ತದ ಆರೈಕೆ ಖರ್ಚಿಗೆ ರಕ್ಷಣೆ ಉಳಿಯುತ್ತದೆ. ನಿಮ್ಮ ಪಾಲಿಸಿಗೆ ಇದು ಅನ್ವಯಿಸುತ್ತದಾ ಅಂತ ರಾಜ್ಯದ ವಿಮಾ ಇಲಾಖೆಯನ್ನು ಬರೆದು ಕೇಳಿ, ಕಂಪನಿ ಸಲ್ಲಿಸಿದ ದರದ ಅರ್ಜಿಯನ್ನೂ ಕೇಳಿ ಓದಿ.