ಟಾರ್ ಸಾಕಾ, ಆರ್‌ಸಿಂಕ್ ಬೇಕಾ?

ಪ್ರಶ್ನೆ: ನಮ್ಮ ಲಿನಕ್ಸ್ ಸರ್ವರ್‌ನಲ್ಲಿ 6 ಟಿಬಿ ಡೇಟಾ ಇದೆ, ಜಾಸ್ತಿ ಸಣ್ಣ ಸಣ್ಣ ಫೈಲ್‌ಗಳೇ. ಬ್ಯಾಕಪ್‌ಗೆ ಟಾರ್ (ಹಲವು ಫೈಲ್‌ಗಳನ್ನು ಒಂದೇ ಫೈಲಾಗಿ ಕಟ್ಟುವ ಸಾಧನ) ಬಳಸಬೇಕೋ, ಆರ್‌ಸಿಂಕ್ (ಫೈಲ್‌ಗಳನ್ನು ಇನ್ನೊಂದು ಕಡೆಗೆ ನಕಲು ಮಾಡುವ ಸಾಧನ) ಬಳಸಬೇಕೋ?

ಉತ್ತರ: ನಾಳೆ ಏನನ್ನು ವಾಪಸ್ ತೆಗೆಯಬೇಕಾಗಬಹುದು ಎಂಬುದನ್ನು ಮೊದಲು ಯೋಚಿಸಿ. ಇಡೀ ಡಿಸ್ಕನ್ನೋ, ಹೋದ ವಾರ ಯಾರೋ ಅಳಿಸಿದ ಒಂದೇ ಫೈಲನ್ನೋ?

ಟಾರ್ 1979ರ ಯುನಿಕ್ಸ್ 7ನೇ ಆವೃತ್ತಿಯಲ್ಲಿ ಬಂದದ್ದು, ಟೇಪ್‌ಗಾಗಿ ಮಾಡಿದ್ದು. ಟೇಪನ್ನು ಮೊದಲಿಂದ ಕೊನೆಗೆ ಓದುತ್ತಾ ಹೋಗಬೇಕು, ಹಾಗಾಗಿ ಟಾರ್ ಒಳಗೆ ಯಾವ ಫೈಲ್ ಎಲ್ಲಿದೆ ಎಂಬ ಪಟ್ಟಿಯೇ ಇಲ್ಲ. ಅದನ್ನು ಜಿಜಿಪ್ ಎಂಬ ಸಾಧನದಿಂದ ಕುಗ್ಗಿಸಿದರೆ, ಕೊನೆಯಲ್ಲಿರುವ ಪುಟ್ಟ ಫೈಲ್ ಬೇಕೆಂದರೂ ಮೊದಲಿಂದ ಎಲ್ಲವನ್ನೂ ಬಿಚ್ಚಬೇಕು. ಮಧ್ಯೆ ಎಲ್ಲೋ ಕೆಟ್ಟರೆ ಅದರ ಮುಂದಿನದನ್ನು ತೆಗೆಯುವುದು ಕಷ್ಟ. ಮುಗಿದುಹೋದ ಪ್ರಾಜೆಕ್ಟನ್ನು ಕಟ್ಟಿ ಎತ್ತಿಡಲು ಟಾರ್ ಚೆನ್ನ. ದಿನದಿನದ ಬ್ಯಾಕಪ್‌ಗೆ ನಾನಂತೂ ಹೇಳುವುದಿಲ್ಲ. ಎತ್ತಿಡುವಾಗ ಫೈಲ್‌ಗಳ ಪಟ್ಟಿ ಮತ್ತು ಚೆಕ್‌ಸಮ್ (ಫೈಲ್ ಕೆಟ್ಟಿಲ್ಲವೆಂದು ಪರೀಕ್ಷಿಸುವ ಸಂಖ್ಯೆ) ಎರಡನ್ನೂ ಬೇರೆ ಕಡೆ ಇಟ್ಟುಕೊಳ್ಳಿ. ಜಿಜಿಪ್ ಪ್ರೊಸೆಸರ್‌ನ ಒಂದೇ ಕೋರ್ ಬಳಸುತ್ತದೆ. ಕುಗ್ಗಿಸುವ ಇನ್ನೊಂದು ಸಾಧನವಾದ ಝಡ್‌ಸ್ಟ್ಯಾಂಡರ್ಡ್‌ಗೆ ಹಲವು ಥ್ರೆಡ್ (ಒಟ್ಟಿಗೆ ನಡೆಯುವ ಕೆಲಸದ ಎಳೆ) ಕೊಟ್ಟರೆ ಕೆಲಸ ಬೇಗ ಆಗುತ್ತದೆ.

ಆರ್‌ಸಿಂಕ್ 1996ರಲ್ಲಿ ಬಂತು. ಫೈಲ್‌ನ ಗಾತ್ರ ಮತ್ತು ಕೊನೆಯ ಬದಲಾವಣೆಯ ಸಮಯ ನೋಡಿ, ಬದಲಾದದ್ದನ್ನಷ್ಟೇ ಕಳಿಸುತ್ತದೆ. ಆದರೆ 'ಆರ್ಕೈವ್' ಆಯ್ಕೆ ಕೊಟ್ಟ ಮಾತ್ರಕ್ಕೆ ಎಲ್ಲವೂ ಬರುತ್ತದೆ ಎಂದುಕೊಳ್ಳಬೇಡಿ. ಹಾರ್ಡ್ ಲಿಂಕ್ (ಒಂದೇ ಡೇಟಾಗೆ ಇನ್ನೊಂದು ಹೆಸರು), ಎಸಿಎಲ್ (ಯಾರಿಗೆ ಯಾವ ಅನುಮತಿ ಎಂಬ ಪಟ್ಟಿ), ಎಕ್ಸ್‌ಟೆಂಡೆಡ್ ಆಟ್ರಿಬ್ಯೂಟ್ (ಫೈಲ್‌ಗೆ ಅಂಟಿಸಿದ ಹೆಚ್ಚುವರಿ ಮಾಹಿತಿ) ಬೇಕಿದ್ದರೆ ದೊಡ್ಡ ಅಕ್ಷರದ ಎಚ್, ಎ, ಎಕ್ಸ್ ಆಯ್ಕೆಗಳನ್ನೂ ಸೇರಿಸಬೇಕು. ಮೂಲ ಫೋಲ್ಡರ್ ಹೆಸರಿನ ಕೊನೆಯ ಸ್ಲ್ಯಾಶ್ ಬಗ್ಗೆಯೂ ಹುಷಾರು: ಅದಿದ್ದರೆ ಒಳಗಿನದು ಮಾತ್ರ ಹೋಗುತ್ತದೆ, ಇಲ್ಲದಿದ್ದರೆ ಫೋಲ್ಡರ್ ಸಮೇತ.

ಅದಕ್ಕಿಂತ ದೊಡ್ಡ ಅಪಾಯ 'ಡಿಲೀಟ್' ಆಯ್ಕೆ. ಬೆಳಿಗ್ಗೆ ಸರ್ವರ್‌ನಲ್ಲಿ ಅಳಿಸಿದ್ದು ರಾತ್ರಿ ಬ್ಯಾಕಪ್‌ನಲ್ಲೂ ಅಳಿಯುತ್ತದೆ. ಅದು ಬರೀ ನಕಲು, ಬ್ಯಾಕಪ್ ಅಲ್ಲ ಅಲ್ವಾ? 'ಲಿಂಕ್-ಡೆಸ್ಟ್' ಆಯ್ಕೆ ಬಳಸಿದರೆ ಪ್ರತಿದಿನಕ್ಕೂ ಬೇರೆ ಫೋಲ್ಡರ್ ಸಿಗುತ್ತದೆ. ಬದಲಾಗದ ಫೈಲ್‌ಗಳು ಅದರಲ್ಲಿ ಹಾರ್ಡ್ ಲಿಂಕ್ ಆಗಿ ಕೂರುತ್ತವೆ, ಜಾಗ ಹೆಚ್ಚು ತಿನ್ನುವುದಿಲ್ಲ. ಆದರೆ 50 ಜಿಬಿಯ ವರ್ಚುವಲ್ ಮೆಷಿನ್ ಫೈಲ್‌ನಲ್ಲಿ ಒಂದು ಬೈಟ್ ಬದಲಾದರೂ, ಇಡೀ 50 ಜಿಬಿ ಹೊಸದಾಗಿ ಜಾಗ ಹಿಡಿಯುತ್ತದೆ.

ನಿಮ್ಮಂಥವರಿಗೆ ಬೋರ್ಗ್ ಅಥವಾ ರೆಸ್ಟಿಕ್ ಎಂಬ ಬ್ಯಾಕಪ್ ಸಾಧನ ಸರಿ ಎಂಬುದು ನನ್ನ ಅಭಿಪ್ರಾಯ. ಎರಡೂ ಫೈಲ್‌ಗಳನ್ನು ತುಂಡು ಮಾಡಿ, ಒಂದೇ ಥರದ ತುಂಡನ್ನು ಒಮ್ಮೆ ಮಾತ್ರ ಇಡುತ್ತವೆ. ಹಳೆಯ ಯಾವ ದಿನದ ಫೈಲನ್ನಾದರೂ ಬಿಡಿಯಾಗಿ ತೆಗೆಯಬಹುದು. ಎನ್‌ಕ್ರಿಪ್ಷನ್‌ನ ಪಾಸ್‌ವರ್ಡ್ ಕಳೆದರೆ ಮಾತ್ರ ಯಾರಿಂದಲೂ ತೆರೆಯಲಾಗದು, ಅದನ್ನು ಸರ್ವರ್‌ನ ಹೊರಗೆ ಇಡಿ.

ಇನ್ನು, ಓಡುತ್ತಿರುವ ಡೇಟಾಬೇಸ್‌ನ ಫೈಲ್‌ಗಳನ್ನು ಇವುಗಳಲ್ಲಿ ಯಾವುದರಿಂದಲೂ ಸುಮ್ನೆ ನಕಲು ಮಾಡಬೇಡಿ. ಅರ್ಧ ಹಳೆಯದು, ಅರ್ಧ ಹೊಸದು ಸೇರಿಬಿಡುತ್ತದೆ. ಮೊದಲು ಡಂಪ್ (ಡೇಟಾಬೇಸೇ ಬರೆದುಕೊಡುವ ಪೂರ್ತಿ ಪ್ರತಿ) ತೆಗೆಯಿರಿ, ಇಲ್ಲವೇ ಡಿಸ್ಕ್ ಜಾಗ ನಿರ್ವಹಿಸುವ ಎಲ್‌ವಿಎಂ ಅಥವಾ ಝಡ್‌ಎಫ್‌ಎಸ್‌ನ ಸ್ನ್ಯಾಪ್‌ಶಾಟ್ (ಒಂದು ಕ್ಷಣದ ಸ್ಥಿತಿಯ ಪ್ರತಿ) ಮಾಡಿ ಅದರಿಂದ ಬ್ಯಾಕಪ್ ತೆಗೆಯಿರಿ.