ಎನ್‌ಎಂಸಿ ಅಪ್ರೂವ್ಡ್ ಪಟ್ಟಿ ಎಲ್ಲಿದೆ, ಸರ್?

ಪ್ರಶ್ನೆ: ಮಗಳು ನೀಟ್ ಕ್ವಾಲಿಫೈ ಆಗಿದ್ದಾಳೆ, ಆದರೆ ಸರ್ಕಾರಿ ಸೀಟು ಸಿಗುವ ರ್‍ಯಾಂಕ್ ಅಲ್ಲ. ಕಿರ್ಗಿಸ್ತಾನದ ಓಶ್‌ಗೆ ಕಳಿಸೋಣ ಅಂತಿದ್ದೇವೆ. ಕಾಲೇಜು ಎನ್‌ಎಂಸಿ ಪಟ್ಟಿಯಲ್ಲಿದೆಯಾ, ನೋಡಿ ಹೇಳ್ತೀರಾ?

ಫಲಿತಾಂಶ ಬಂದ ವಾರದಿಂದ ಈ ಪ್ರಶ್ನೆ ಶುರು. 2022ರ ತನಕ ಉಕ್ರೇನಿನ ಹೆಸರಿರುತ್ತಿತ್ತು. ಯುದ್ಧ ಬಂದ ಮೇಲೆ ಬಿಷ್ಕೆಕ್, ಸಮರ್ಕಂದ್, ಟಿಬಿಲಿಸಿ ಅಂತ ಊರು ಬದಲಾಗಿದೆ, ಪ್ರಶ್ನೆ ಬದಲಾಗಿಲ್ಲ. ನನ್ನ ಉತ್ತರವೂ ಬದಲಾಗಿಲ್ಲ: ಅಂಥ ಪಟ್ಟಿಯೇ ಇಲ್ಲ.

ಇನ್ನೊಮ್ಮೆ ಹೇಳುತ್ತೇನೆ. ರಾಷ್ಟ್ರೀಯ ವೈದ್ಯಕೀಯ ಆಯೋಗ, ಅಂದರೆ ಎನ್‌ಎಂಸಿ, ವಿದೇಶದ ಯಾವ ಕಾಲೇಜಿಗೂ ‘ಅಪ್ರೂವಲ್’ ಕೊಡುವುದಿಲ್ಲ. ಕೆಲವು ಕಾಲೇಜುಗಳಿಗೆ ಸೇರಬೇಡಿ ಎಂದು ಎಚ್ಚರಿಕೆ ಕೊಟ್ಟದ್ದುಂಟು, ಸೇರಿ ಎಂದು ಪಟ್ಟಿ ಕೊಟ್ಟದ್ದಿಲ್ಲ. ಹೋಟೆಲ್ ಹಾಲ್‌ನಲ್ಲಿ ಸೆಮಿನಾರ್ ಮಾಡಿ, ಕಾಫಿ ಕೊಟ್ಟು, ಕೈಗಿಡುವ ಬಣ್ಣದ ಕರಪತ್ರದ ಮೂಲೆಯಲ್ಲಿ ಒಂದು ಗುಂಡನೆಯ ಬಂಗಾರದ ಸೀಲ್ ಇರುತ್ತದಲ್ಲ, ಅದು ಹುಟ್ಟಿದ್ದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ.

‘ಆದರೆ ಏಜೆಂಟ್ ವೆಬ್‌ಸೈಟಿನಲ್ಲೇ ಹೆಸರು ತೋರಿಸಿದರು’ ಅಂತೀರಿ. ತೋರಿಸಿರುತ್ತಾರೆ. ಯಾವ ವೆಬ್‌ಸೈಟ್ ಅಂತ ಕೇಳಿದ್ದೀರಾ? ಬಹುಪಾಲು ಅದು ವಿಶ್ವ ವೈದ್ಯಕೀಯ ಶಾಲೆಗಳ ಡೈರೆಕ್ಟರಿ. ಹಳೆಯ ಟೆಲಿಫೋನ್ ಪುಸ್ತಕದಲ್ಲಿ ಹೆಸರಿದ್ದವರೆಲ್ಲ ಸಜ್ಜನರು ಅಂತ ನಾವು ನಂಬುತ್ತಿದ್ದೆವಾ? ಇಲ್ಲದಿದ್ದರೆ ಅದು, ವಿದೇಶದಲ್ಲಿ ಓದಿ ಬಂದವರು ಇಲ್ಲಿ ವೈದ್ಯರಾಗಲು ಪಾಸಾಗಬೇಕಾದ ಎಫ್‌ಎಂಜಿಇ ಪರೀಕ್ಷೆಯ ಕಾಲೇಜುವಾರು ಫಲಿತಾಂಶದ ಹಾಳೆ. ಆ ಕಾಲೇಜಿನವರು ಇಲ್ಲಿ ಬಂದು ಪರೀಕ್ಷೆ ಬರೆದಿದ್ದಾರೆ ಎಂಬುದಷ್ಟೇ ಅದರರ್ಥ. ಎಷ್ಟೋ ಸಲ ಪಕ್ಕದ ಕಾಲಂನಲ್ಲಿ ಪಾಸಾದವರ ಸಂಖ್ಯೆ ಓದಿದರೆ ನೀವೇ ಎದ್ದು ಮನೆಗೆ ಬರುತ್ತೀರಿ. ಹಿಂದೆ 1956ರ ಭಾರತೀಯ ವೈದ್ಯಕೀಯ ಮಂಡಳಿ ಕಾಯ್ದೆಯ ಅನುಬಂಧದಲ್ಲಿ ಕೆಲವು ವಿದೇಶಿ ಪದವಿಗಳ ಹೆಸರಿತ್ತು, ನಿಜ. ಆ ಕಾಯ್ದೆಯೂ ಹೋಯಿತು, ಆ ಮಂಡಳಿ (ಎಂಸಿಐ) ಕೂಡ 2020ರಲ್ಲಿ ಹೋಯಿತು. ಅದರ ನೆನಪು ಮಾತ್ರ ಏಜೆಂಟರ ಬಾಯಲ್ಲಿ ಉಳಿದಿದೆ.

ನೋಡಬೇಕಾದದ್ದು ಎನ್‌ಎಂಸಿಯ 2021ರ ನವೆಂಬರ್ 18ರ ನಿಯಮಗಳನ್ನು. ಕೋರ್ಸ್ ಕನಿಷ್ಠ 54 ತಿಂಗಳದ್ದಿರಬೇಕು. ಪಾಠ ಇಂಗ್ಲಿಷಿನಲ್ಲೇ ನಡೆಯಬೇಕು. ಓದಿದ ಸಂಸ್ಥೆಯಲ್ಲೇ 12 ತಿಂಗಳು ಇಂಟರ್ನ್‌ಶಿಪ್ ಆಗಬೇಕು, ಇಲ್ಲಿಗೆ ಬಂದು ಮತ್ತೆ 12 ತಿಂಗಳು. ಸೇರಿದ 10 ವರ್ಷದೊಳಗೆ ಎಲ್ಲ ಮುಗಿಯಬೇಕು. ಎಲ್ಲಕ್ಕಿಂತ ಮುಖ್ಯವಾದದ್ದನ್ನು ಯಾರೂ ಕೇಳುವುದಿಲ್ಲ: ಆ ಪದವಿಯ ಮೇಲೆ ಆ ದೇಶದಲ್ಲಿ, ಅಲ್ಲಿನ ಪ್ರಜೆಯ ಹಾಗೆಯೇ, ವೈದ್ಯವೃತ್ತಿ ಮಾಡಲು ಲೈಸೆನ್ಸ್ ಸಿಗಬೇಕು. ವಿದೇಶಿ ಮಕ್ಕಳಿಗೆಂದೇ ಪ್ರತ್ಯೇಕ ಮೊಟಕು ಕೋರ್ಸ್ ನಡೆಸುವವರು ಸಿಕ್ಕಿಬೀಳುವುದು ಇಲ್ಲೇ. ಇವನ್ನೆಲ್ಲ ಕಾಲೇಜಿನಿಂದ ಬರಹದಲ್ಲಿ ತರಿಸಿಕೊಳ್ಳಿ, ಏಜೆಂಟನ ವಾಟ್ಸಾಪ್ ಸಾಲದು. ಆಮೇಲೂ ಎಫ್‌ಎಂಜಿಇ ಇದೆ: 300 ಪ್ರಶ್ನೆ, 150 ಬಂದರೆ ಪಾಸು. ಸುಲಭ ಅನಿಸುತ್ತದೆ. 2024ರ ಜೂನ್ ಸುತ್ತಿನಲ್ಲಿ ಪಾಸಾದವರು ಹೆಚ್ಚುಕಡಿಮೆ ಐವರಲ್ಲಿ ಒಬ್ಬರು.

ನೀವು ಕೇಳದ ಒಂದು ಮಾತು. ಪಾಠ ಇಂಗ್ಲಿಷಿನಲ್ಲಿ ಸರಿ, ಓಶ್‌ನ ವಾರ್ಡಿನಲ್ಲಿ ಮಲಗಿರುವ ಅಜ್ಜಿಗೆ ಯಾವ ಭಾಷೆ ಬರುತ್ತದೆ? ಕಿರ್ಗಿಜ್ ಅಥವಾ ಉಜ್ಬೆಕ್, ಸ್ವಲ್ಪ ರಷ್ಯನ್. ಹೊಟ್ಟೆನೋವು ಯಾವಾಗಿನಿಂದ, ಊಟಕ್ಕೆ ಮುಂಚೆಯೋ ಆಮೇಲೋ ಎಂದು ಕೇಳಲು ಬಾರದವಳು ಕೇಸ್ ಬರೆಯುವುದು ಹೇಗೆ? ಮೊದಲ ಎರಡು ವರ್ಷ ಇಂಡಿಯನ್ ಮೆಸ್ಸಿನ ಚಪಾತಿ, ಹಾಸ್ಟೆಲಿನ ಹಿಂದಿ ಅಷ್ಟರಲ್ಲೇ ಕಳೆದವರು ಮೂರನೇ ವರ್ಷ ಮಂಚದ ಪಕ್ಕ ಸುಮ್ಮನೆ ನಿಲ್ಲುತ್ತಾರೆ. ನಿಯಮ ಇಂಗ್ಲಿಷ್ ಕೇಳುತ್ತದೆ, ರೋಗಿ ಕೇಳುವುದಿಲ್ಲ. ಇದು ನಿಯಮ ಬರೆದವರಿಗೆ ಹೊಳೆಯದ ಸಂಗತಿ ಏನಲ್ಲ, ಆದರೆ ಆ ಹೊರೆ ಹೊರಬೇಕಾದವಳು ನಿಮ್ಮ ಮಗಳು. ಹೋಗುವುದೇ ಖಾತ್ರಿಯಾದರೆ ವಿಮಾನ ಹತ್ತುವ ಮುಂಚೆಯೇ ರಷ್ಯನ್ ಕಲಿಸಲು ಶುರುಮಾಡಿ.

ಮತ್ತೆ, ನಾಲ್ಕನೇ ವರ್ಷದಲ್ಲಿರುವ ನಮ್ಮ ಕಡೆಯ ಯಾರಾದರೂ ಹುಡುಗ–ಹುಡುಗಿಯ ನಂಬರ್ ಹುಡುಕಿ. ವಾರಕ್ಕೆ ಎಷ್ಟು ದಿನ ವಾರ್ಡಿಗೆ ಹೋಗ್ತೀಯವ್ವ, ಒಂದು ಮಂಚದ ಸುತ್ತ ಎಷ್ಟು ಜನ ನಿಲ್ತೀರಿ, 2024ರ ಮೇನಲ್ಲಿ ರಾಜಧಾನಿ ಬಿಷ್ಕೆಕ್‌ನಲ್ಲಿ ವಿದೇಶಿ ವಿದ್ಯಾರ್ಥಿಗಳ ಹಾಸ್ಟೆಲ್‌ಗಳಿಗೆ ಗುಂಪು ನುಗ್ಗಿದ ಸುದ್ದಿ ಬಂದಾಗ ನಿಮ್ಮ ಕಾಲೇಜು ಏನು ಮಾಡಿತು ಅಂತ ಕೇಳಿ. ಏಜೆಂಟ್ ಕೊಟ್ಟ ನಂಬರ್ ಮಾತ್ರ ಬೇಡ, ಆ ಸೀನಿಯರ್‌ಗೂ ತಲೆಗಿಷ್ಟು ಅಂತ ಕಮಿಷನ್ ಇರಬಹುದು.