ಬೇಳೆಯ ಲೈಸೀನ್ ಅಳೆಯುವ ಹುಳಿ

ಹಿಟ್ಟು ಹುಳಿ ಬಂತೇ ಎಂದು ಬೆಳಿಗ್ಗೆ ಮುಚ್ಚಳ ಸರಿಸಿ ನೋಡುವುದು ಇಡ್ಲಿ ಮಾಡುವ ಮನೆಗಳ ಅಭ್ಯಾಸ. ಪ್ರೋಟೀನನ್ನು ಕಟ್ಟುವ ಇಟ್ಟಿಗೆಗಳೇ ಅಮೈನೋ ಆಮ್ಲಗಳು; ಲೈಸೀನ್ ಅವುಗಳಲ್ಲೊಂದು. ಆಹಾರದಲ್ಲಿ ಅವು ಎಷ್ಟಿವೆ ಎಂದು ತಿಳಿಯಲು 1940ರ ದಶಕದ ಪ್ರಯೋಗಾಲಯಗಳು ಈ ಹುಳಿಯನ್ನೇ ಅಳತೆಗೋಲು ಮಾಡಿಕೊಂಡವು.

ಲ್ಯಾಕ್ಟಿಕ್ ಆಮ್ಲ ತಯಾರಿಸುವ ಬ್ಯಾಕ್ಟೀರಿಯಾಗಳು ಊಟದ ವಿಷಯದಲ್ಲಿ ಪರಾವಲಂಬಿಗಳು. ಸಕ್ಕರೆ, ಅಮೋನಿಯ, ಒಂದಿಷ್ಟು ಲವಣ ಸಿಕ್ಕರೆ ಸಾಕು, ಕರುಳಿನಲ್ಲಿರುವ ಇ. ಕೋಲಿ ಬ್ಯಾಕ್ಟೀರಿಯಾ ತನ್ನ ಅಮೈನೋ ಆಮ್ಲಗಳನ್ನೆಲ್ಲ ತಾನೇ ಕಟ್ಟಿಕೊಳ್ಳುತ್ತದೆ. ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳಿಗೋ ಹಲವು ಅಮೈನೋ ಆಮ್ಲಗಳನ್ನು ಬಡಿಸಿಯೇ ಕೊಡಬೇಕು. ಲೈಸೀನ್ ಒಂದನ್ನು ಬಿಟ್ಟು ಬೇಕಾದದ್ದೆಲ್ಲ ಇರುವ ದ್ರಾವಣವನ್ನು ನಳಿಕೆಗಳಿಗೆ ಹಾಕಿ, ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕುದಿಸಿ ಒಡೆದ ತೊಗರಿಬೇಳೆಯ ಪ್ರೋಟೀನನ್ನು ಒಂದಿಷ್ಟು ಬೆರೆಸಿ, ಬ್ಯಾಕ್ಟೀರಿಯಾ ಸೇರಿಸಿ, 37 ಡಿಗ್ರಿಯಲ್ಲಿ ಮೂರು ದಿನ ಇಟ್ಟರೆ, ಬೇಳೆಯಲ್ಲಿದ್ದ ಲೈಸೀನಿಗೆ ತಕ್ಕಷ್ಟೇ ಬೆಳವಣಿಗೆ, ಅಷ್ಟೇ ಹುಳಿ. ಎಷ್ಟು ಕ್ಷಾರ ಹಾಕಿದರೆ ಆ ಹುಳಿ ಸಮವಾಗುತ್ತದೆ ಎಂದು ನೋಡಿ, ಲೈಸೀನಿನ ಪ್ರಮಾಣ ಗೊತ್ತಿರುವ ನಳಿಕೆಗಳ ಪಕ್ಕ ಇಟ್ಟು ಹೋಲಿಸಿದರೆ ಲೆಕ್ಕ ಸಿಕ್ಕಿತು. ಲೈಸೀನಿಗೆ ಬಳಸುತ್ತಿದ್ದ ತಳಿ ಲ್ಯೂಕೊನೊಸ್ಟಾಕ್ ಮೆಸೆಂಟೆರಾಯ್ಡಿಸ್ ಪಿ-60. ಇಡ್ಲಿ ಹಿಟ್ಟು ಹುದುಗಿಸುವುದರಲ್ಲೂ ಇದೇ ಹೆಸರಿನ ಬ್ಯಾಕ್ಟೀರಿಯಾದ ಕೈಯಿದೆ. ಪಿ-60 ಮಾತ್ರ ಆಮೇಲೆ ಪೀಡಿಯೊಕಾಕಸ್ ಕುಲಕ್ಕೆ ಸೇರಿತು. ನೆಂಟಸ್ತಿಕೆ ಸ್ವಲ್ಪ ದೂರದ್ದಾಯಿತು!

ಟ್ರಿಪ್ಟೊಫಾನ್ ಎಂಬ ಇನ್ನೊಂದು ಅಮೈನೋ ಆಮ್ಲ ತಲೆನೋವಿನದು. ಆಮ್ಲದಲ್ಲಿ ಕುದಿಸಿದರೆ ಹಾಳಾಗುತ್ತದೆ. ಕ್ಷಾರದಲ್ಲಿ ಕುದಿಸಿದರೆ ಉಳಿಯುತ್ತದೆ, ಆದರೆ ಒಂದಿಷ್ಟು ಎಡ-ಬಲ ತಿರುಗಿದ ಪ್ರತಿರೂಪವಾಗಿಬಿಡುತ್ತದೆ. ಬ್ಯಾಕ್ಟೀರಿಯಾ ಅದನ್ನು ಮುಟ್ಟುವುದಿಲ್ಲ.

ಇದಕ್ಕಿಂತ ದೊಡ್ಡ ತೊಡಕು ಬೇರೆ. ಹಾಲಿನ ಪುಡಿಯನ್ನು ಅತಿಯಾಗಿ ಕಾಯಿಸಿದರೆ ಲೈಸೀನ್ ಸಕ್ಕರೆಗೆ ಅಂಟಿಕೊಳ್ಳುತ್ತದೆ, ನಮ್ಮ ಕರುಳಿಗೆ ದಕ್ಕುವುದಿಲ್ಲ. ಕುದಿಯುವ ಆಮ್ಲವೋ ಅದರಲ್ಲಿ ಒಂದು ಪಾಲನ್ನು ಬಿಡಿಸಿಕೊಡುತ್ತದೆ, ಬ್ಯಾಕ್ಟೀರಿಯಾ ‘ಇದೆ’ ಎನ್ನುತ್ತದೆ. 1958ರಲ್ಲಿ ಸ್ಪ್ಯಾಕ್‌ಮನ್, ಸ್ಟೈನ್, ಮೂರ್ ಅಮೈನೋ ಆಮ್ಲಗಳನ್ನು ಅಳೆಯುವ ಸ್ವಯಂಚಾಲಿತ ವಿಶ್ಲೇಷಕ ಯಂತ್ರವನ್ನು ತಂದ ಮೇಲೆ ನಳಿಕೆಗಳ ಕೆಲಸ ಕಡಿಮೆಯಾಯಿತು, ನಿಜ. ಯಂತ್ರಕ್ಕೂ ಕೊಡುವುದು ಆಮ್ಲದಲ್ಲಿ ಕುದಿಸಿದ್ದನ್ನೇ.

ಹಾಗಾಗಿ ಬ್ರಿಟನ್ನಿನ ಜೆ. ಇ. ಫೋರ್ಡ್ 1960ರಲ್ಲಿ ಪ್ರೋಟೀನನ್ನು ತಾನೇ ಜೀರ್ಣಿಸುವ ಸ್ಟ್ರೆಪ್ಟೊಕಾಕಸ್ ಜೈಮೊಜೀನ್ಸ್ ಎಂಬ ಬ್ಯಾಕ್ಟೀರಿಯಾವನ್ನು ಹಿಡಿದರು. ಮೀಥಿಯೊನೀನ್ ಎಂಬ ಅಮೈನೋ ಆಮ್ಲಕ್ಕೆ ಅದು ಒಳ್ಳೆಯ ಸಾಕ್ಷಿ. ಆದರೆ ಧಾನ್ಯಗಳಲ್ಲಿ ಮೊದಲು ಕೊರತೆಯಾಗುವ ಲೈಸೀನ್ ಅದಕ್ಕೆ ಬೇಕಾಗಿಯೇ ಇಲ್ಲ. ಉಳಿದದ್ದು ಟೆಟ್ರಾಹೈಮೆನಾ, ಕೊಳದ ನೀರಿನ ಏಕಕೋಶ ಜೀವಿ. ಇಲಿಗೆ ಬೇಕಾದ ಹತ್ತು ಅಮೈನೋ ಆಮ್ಲಗಳೂ ಇದಕ್ಕೆ ಬೇಕು, ಆಹಾರದ ಕಣಗಳನ್ನು ಇಡಿಯಾಗಿ ನುಂಗುತ್ತದೆ. ಪ್ರೋಟೀನಿನ ಗುಣ ನೋಡಲು ಇಲಿಗಳಿಗೆ ನಾಲ್ಕು ವಾರ ತಿನ್ನಿಸಿ ತೂಗುವ ಕೆಲಸ ಇಲ್ಲಿ ಕೆಲವೇ ದಿನಗಳದ್ದು. ಆಮೇಲೆ ಸೂಕ್ಷ್ಮದರ್ಶಕದ ಮುಂದೆ ಕೂತು, ಉಳಿದ ಹಿಟ್ಟಿನ ಚೂರುಗಳ ನಡುವೆ ಈ ಜೀವಿಗಳನ್ನು ಹುಡುಕಿ ಹುಡುಕಿ ಎಣಿಸಬೇಕು.